ಎಲ್ಲೇ ಟೆಂಟ್ ಹಾಕಿದರೂ ಎರಡು ರಾತ್ರಿ

ಹನ್ನೆರಡು ವರ್ಷದ ಹಿಂದೆ ಮೈಸೂರಿನಿಂದ ಅಪ್ಪ-ಅಮ್ಮ ಬಂದಿದ್ದಾಗ ಏಳು ದಿನದಲ್ಲಿ ಆರು ನ್ಯಾಷನಲ್ ಪಾರ್ಕ್ ತೋರಿಸಿದ್ದೆವು. ಯೂಟಾ ರಾಜ್ಯದ ಬ್ರೈಸ್ ಕ್ಯಾನ್ಯನ್‌ನಲ್ಲಿ ಕಂಬಿ ಹಿಡಿದು ನಿಂತಿದ್ದ ಅಪ್ಪ, "ಇಲ್ಲೇ ಒಂದು ರಾತ್ರಿ ಇರೋಕಾಗಲ್ವೇನಮ್ಮ? ಸೂರ್ಯ ಹುಟ್ಟೋವಾಗ ನೋಡಬೇಕು ಅನ್ನಿಸ್ತಿದೆ" ಅಂದರು. ಲಾಸ್ ವೇಗಸ್‌ನಲ್ಲಿ ರೂಮು ಬುಕ್ ಆಗಿತ್ತು, ಇನ್ನೂ ನಾಲ್ಕು ಗಂಟೆಯ ದಾರಿ. "ಆಗಲ್ಲಪ್ಪ, ಹೊರಡೋಣ" ಅಂದೆ. ಅವರು ಮತ್ತೆ ಕೇಳಲಿಲ್ಲ. ಕೇಳದೇ ಇದ್ದದ್ದೇ ನನಗೆ ಇಷ್ಟು ವರ್ಷ ನೆನಪಿನಲ್ಲಿ ಉಳಿದದ್ದು.

ಮಗಳು ಕಾಲೇಜಿಗೆ ಹೋದ ವರ್ಷ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ಮನೆಯಲ್ಲಿ ನಾವಿಬ್ಬರೇ ಉಳಿದೆವು. ಗೌರಿ-ಗಣೇಶ ಮುಗಿಸಿಕೊಂಡು ಹೊರಡೋಣ, ಟೆಂಟಿನಲ್ಲೇ ಮಲಗೋಣ ಅಂತ ನಿಶ್ಚಯವಾಯಿತು. ನಾನು ಹಾಕಿದ ಷರತ್ತು ಒಂದೇ: ಎಲ್ಲೇ ಟೆಂಟ್ ಹಾಕಿದರೂ ಎರಡು ರಾತ್ರಿ ಇರಬೇಕು. ಮೊದಲ ಸಂಜೆ ಗೂಟ ಹೊಡೆಯುವುದರಲ್ಲಿ, ಒಲೆ ಹೂಡುವುದರಲ್ಲಿ ಮುಗಿದುಹೋಗುತ್ತದೆ. ಎರಡು ರಾತ್ರಿಗಳ ನಡುವಿನ ಆ ಪೂರ್ತಿ ದಿನವೇ ನಾವು ನಿಜವಾಗಿ ಆ ಜಾಗದಲ್ಲಿ ಇರುವ ದಿನ. ಹೀಗೆ ಲೆಕ್ಕ ಹಾಕಿದರೆ ಹನ್ನೊಂದು ದಿನಕ್ಕೆ ನಾಲ್ಕೇ ಪಾರ್ಕು. ನೆವಾಡಾದ ಗ್ರೇಟ್ ಬೇಸಿನ್, ಆಮೇಲೆ ಯೂಟಾದ ಕ್ಯಾಪಿಟಲ್ ರೀಫ್, ಬ್ರೈಸ್, ಜಯಾನ್. ಎಲ್ಲ ಸೇರಿ ಸುಮಾರು 1,800 ಮೈಲಿ. ಆರ್ಚಸ್ ಬಿಟ್ಟೆವು, ಗ್ರ್ಯಾಂಡ್ ಕ್ಯಾನ್ಯನ್ ಬಿಟ್ಟೆವು. ಇವರಿಗೆ ಮೊದಲಿಗೆ ಕಸಿವಿಸಿ. "ಅಷ್ಟು ದೂರ ಹೋಗಿ ಬಿಟ್ಟು ಬರೋದಾ?" ಅಂದರು. ಬಿಟ್ಟೇ ಬಂದೆವು.

ಜಾಗ ಸಿಗುವುದು ಸುಲಭವಲ್ಲ. ಕ್ಯಾಪಿಟಲ್ ರೀಫ್‌ನ ಫ್ರೂಟಾ, ಜಯಾನ್‌ನ ವಾಚ್‌ಮನ್‌ನಂಥ ಕ್ಯಾಂಪ್‌ಗ್ರೌಂಡುಗಳ ಬುಕಿಂಗು ಸರ್ಕಾರದ ವೆಬ್‌ಸೈಟಿನಲ್ಲಿ ಆರು ತಿಂಗಳು ಮೊದಲೇ, ಕ್ಯಾಲಿಫೋರ್ನಿಯಾ ಸಮಯ ಬೆಳಿಗ್ಗೆ 7ಕ್ಕೆ ತೆರೆಯುತ್ತದೆ. ಸೆಪ್ಟೆಂಬರಿನ ರಾತ್ರಿಗೆ ಮಾರ್ಚಿನಲ್ಲೇ ಎರಡು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆವು. ಶುಕ್ರ-ಶನಿವಾರ ಬಿಟ್ಟರೆ ಸಿಗುವ ಸಾಧ್ಯತೆ ಹೆಚ್ಚು. ರಾತ್ರಿಗೆ 20ರಿಂದ 35 ಡಾಲರ್ ಕೊಟ್ಟೆವು. ಎಲ್ಲ ಪಾರ್ಕಿಗೂ ಸೇರಿ ವಾರ್ಷಿಕ ಪಾಸ್‌ಗೆ 80 ಡಾಲರ್. 2026ರಿಂದ ಅಮೆರಿಕದ ನಿವಾಸಿಗಳಲ್ಲದವರಿಗೆ ಅದೇ ಪಾಸ್ 250 ಡಾಲರ್ ಆಗಿದೆ. ಊರಿಂದ ಬರುವವರು ಇದನ್ನು ಖರ್ಚಿನ ಲೆಕ್ಕಕ್ಕೆ ಮೊದಲೇ ಸೇರಿಸಿಕೊಳ್ಳಿ.

ಮೊದಲ ದಿನ ಟೆಂಟ್ ಇಲ್ಲ. ನೆವಾಡಾವನ್ನು ಅಡ್ಡಕ್ಕೆ ದಾಟುವ ಹೆದ್ದಾರಿ 50ರಲ್ಲಿ ಈಲಿ ಎಂಬ ಊರಿನವರೆಗೆ ಹೋಗಿ ಮೋಟೆಲಿನಲ್ಲಿ ಮಲಗಿದೆವು. ಅಮೆರಿಕದ ಅತ್ಯಂತ ಒಂಟಿ ರಸ್ತೆ ಎಂದು ಇದಕ್ಕೆ ಹೆಸರು. ಒಂದು ಬೆಟ್ಟದ ಸಾಲು ಹತ್ತಿಳಿದರೆ ಬೂದು ಹಸಿರಿನ ಬಯಲು, ಅದರಾಚೆ ಇನ್ನೊಂದು ಸಾಲು, ದಿನವಿಡೀ ಇದೇ. ಫ್ಯಾಲನ್‌ನಿಂದ ಆಸ್ಟಿನ್‌ಗೆ 110 ಮೈಲಿ, ನಡುವೆ ಪೆಟ್ರೋಲ್ ಸಿಗುತ್ತದೆಂದು ನಂಬುವ ಹಾಗಿಲ್ಲ. ಅರ್ಧ ಟ್ಯಾಂಕ್ ಆದಾಗ ಊರು ಸಿಕ್ಕರೆ ತುಂಬಿಸಲೇಬೇಕು. ಕತ್ತಲಾದ ಮೇಲೆ ಓಡಿಸಬೇಡಿ. ಬೇಲಿಯಿಲ್ಲದ ಕಡೆ ದನಗಳು ರಸ್ತೆಯ ಮೇಲೇ ನಿಂತಿರುತ್ತವೆ, ಜಿಂಕೆ ಅಡ್ಡ ಬರುತ್ತದೆ. ಈಲಿಯಲ್ಲಿ ಉಳಿದದ್ದರಿಂದ ಇನ್ನೊಂದು ಲಾಭ ಸಿಕ್ಕಿತು. ಆ ಊರೇ 6,400 ಅಡಿ ಎತ್ತರದಲ್ಲಿದೆ, ಮೈ ಎತ್ತರಕ್ಕೆ ಸ್ವಲ್ಪ ಒಗ್ಗಿಕೊಂಡಿತು.

ಏಕೆಂದರೆ ಮರುದಿನ ಗ್ರೇಟ್ ಬೇಸಿನ್‌ನಲ್ಲಿ ನಾವು ಟೆಂಟ್ ಹಾಕಿದ ವೀಲರ್ ಪೀಕ್ ಕ್ಯಾಂಪ್‌ಗ್ರೌಂಡ್ ಇರುವುದು 9,886 ಅಡಿಯಲ್ಲಿ. ಅಲ್ಲಿ ಎರಡು ಪಾಠ ಆಯಿತು.

ಒಂದು, ಬೇಳೆ. ಆ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಎಷ್ಟು ಹೊತ್ತು ಕುದಿಸಿದರೂ ಕಾಳು ಕಾಳಾಗೇ ಉಳಿಯುತ್ತದೆ. ನಾನು ಮೂರು ಲೀಟರಿನ ಪ್ರೆಶರ್ ಕುಕ್ಕರ್ ತಂದಿದ್ದೆ. ಹೊರಡುವಾಗ ಇವರು, "ಕ್ಯಾಂಪಿಂಗಿಗೆ ಯಾರಾದರೂ ಕುಕ್ಕರ್ ತರ್ತಾರೇನೇ?" ಅಂದಿದ್ದರು. ಮನೆಯಲ್ಲಿ ಮೂರು ಕೂಗಿಗೆ ಬೇಯುವ ಬೇಳೆ ಅಲ್ಲಿ ಆರು ಕೂಗು ತೆಗೆದುಕೊಂಡಿತು, ಆದರೆ ಬೆಂದಿತು. ಮೊದಲ ಕೂಗಿಗೆ ಪಕ್ಕದ ಸೈಟಿನ ವಯಸ್ಸಾದ ದಂಪತಿ ಎದ್ದು ಬಂದು, ಏನಾದರೂ ಸಿಡಿಯುವುದರಲ್ಲಿದೆಯೇ ಎಂದು ವಿಚಾರಿಸಿದರು. ಒಗ್ಗರಣೆ ಹಾಕಿದ ಮೇಲೆ ಅವರಿಗೂ ಒಂದೊಂದು ಲೋಟ ತಿಳಿಸಾರು ಕೊಟ್ಟೆ. ಚಳಿಯಲ್ಲಿ ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿದರು. ಟೆಂಟಿನ ಅಡುಗೆ ಎಂದರೆ ಬ್ರೆಡ್ಡು, ಡಬ್ಬಿ ಬೀನ್ಸ್ ಎಂದು ನಮ್ಮವರು ಅನೇಕರು ಹಿಂಜರಿಯುತ್ತಾರೆ. ಹಾಗೇನೂ ಬೇಕಿಲ್ಲ. ಹುರಿದ ರವೆ, ಅವಲಕ್ಕಿ, ಪುಳಿಯೋಗರೆ ಗೊಜ್ಜು, ಸಾರಿನ ಪುಡಿ, ಚಟ್ನಿಪುಡಿ, ಸಣ್ಣ ಡಬ್ಬಿಯಲ್ಲಿ ಒಗ್ಗರಣೆ ಸಾಮಾನು, ಎರಡು ಉರಿಯ ಗ್ಯಾಸ್ ಒಲೆ ಇಷ್ಟಿದ್ದರೆ ಹತ್ತು ದಿನ ಮನೆಯೂಟ ಮಾಡಬಹುದು. ಮೊಸರು ಐಸ್ ಬಾಕ್ಸಿನಲ್ಲಿ; ಪುಡಿ ಐಸಿಗಿಂತ ದೊಡ್ಡ ಗಟ್ಟಿ ಐಸು ಹೆಚ್ಚು ದಿನ ಬಾಳುತ್ತದೆ. ಊಟವಾದ ತಕ್ಷಣ ಎಲ್ಲವನ್ನೂ, ಟೂತ್‌ಪೇಸ್ಟನ್ನು ಕೂಡ, ಕಾರಿನೊಳಗೆ ಇಟ್ಟು ಬಾಗಿಲು ಹಾಕಬೇಕು. ಟೆಂಟಿನಲ್ಲಿ ಒಂದು ಕಡಲೆಬೀಜ ಇದ್ದರೂ ಇಲಿ ಬಟ್ಟೆ ಕಡಿದು ಒಳಗೆ ಬರುತ್ತದೆ.

ಎರಡನೆಯದು ಚಳಿ. ಒಳ್ಳೆಯ ಸ್ಲೀಪಿಂಗ್ ಬ್ಯಾಗ್ ಕೊಂಡಿದ್ದೆವು, ಆದರೆ ಕೆಳಗೆ ಹಾಕಿಕೊಂಡದ್ದು ಮನೆಗೆ ನೆಂಟರು ಬಂದಾಗ ಊದುವ ಗಾಳಿಹಾಸಿಗೆ. ರಾತ್ರಿ ಒಂದು ಗಂಟೆಗೆ ಇಬ್ಬರಿಗೂ ಬೆನ್ನು ಮರಗಟ್ಟಿ ಎಚ್ಚರವಾಯಿತು. ಚಳಿ ಮೇಲಿಂದ ಬರುವುದಕ್ಕಿಂತ ಹೆಚ್ಚಾಗಿ ನೆಲ ನಮ್ಮ ಬಿಸಿಯನ್ನು ಹೀರಿಕೊಳ್ಳುತ್ತದೆ. ಗಾಳಿಹಾಸಿಗೆಯೊಳಗಿನ ಗಾಳಿ ನೆಲದಷ್ಟೇ ತಣ್ಣಗಾಗಿರುತ್ತದೆ. ಸ್ಲೀಪಿಂಗ್ ಬ್ಯಾಗಿನ ಕೆಳಭಾಗ ನಮ್ಮ ಭಾರಕ್ಕೆ ಚಪ್ಪಟೆಯಾಗಿ ಉಪಯೋಗಕ್ಕೆ ಬರುವುದಿಲ್ಲ. ಬ್ಯಾಗಿನ ಮೇಲೆ ಬರೆದ ಡಿಗ್ರಿ ಕೂಡ ಎಷ್ಟೋ ಸಲ ಹಾಯಾಗಿ ನಿದ್ದೆ ಬರುವ ಮಟ್ಟವಲ್ಲ, ಹೇಗೋ ರಾತ್ರಿ ಕಳೆಯಬಹುದಾದ ಮಟ್ಟ. ಹೊದ್ದಿದ್ದ ಕಂಬಳಿಯನ್ನು ಕೆಳಗೆ ಹಾಸಿದೆವು, ಕಾರಿನ ಗಾಜಿಗೆ ಹಾಕುವ ಬೆಳ್ಳಿಬಣ್ಣದ ಹಾಳೆಯನ್ನು ಅದರ ಅಡಿಗೆ ತಳ್ಳಿದೆವು, ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ ಕಾಲುಚೀಲದೊಳಗಿಟ್ಟು ಕಾಲಬುಡದಲ್ಲಿ ಇಟ್ಟುಕೊಂಡೆವು. ಬೆಳಿಗ್ಗೆವರೆಗೆ ಹೇಗೋ ನಡೆಯಿತು. ಮುಂದೆ ರಿಚ್‌ಫೀಲ್ಡ್ ಎಂಬ ಊರಿನಲ್ಲಿ ಎರಡು ಫೋಮ್ ಮ್ಯಾಟ್ ಕೊಂಡ ಮೇಲೆ ಬೆನ್ನಿಗೆ ಚಳಿ ತಾಗಲಿಲ್ಲ. ನೀವು ಹೋಗುವುದಾದರೆ ದುಡ್ಡನ್ನು ಮೊದಲು ಮ್ಯಾಟಿಗೆ ಹಾಕಿ, ಆಮೇಲೆ ಬ್ಯಾಗಿಗೆ.

ನೀರು ಕಾಯಿಸಲು ಹೊರಗೆ ಬಂದಾಗಲೇ ಆಕಾಶ ನೋಡಿದ್ದು. ಚೌತಿ ಕಳೆದು ನಾಲ್ಕೈದು ದಿನ, ಚಂದ್ರ ಆಗಲೇ ಮುಳುಗಿದ್ದ. ಕೃತ್ತಿಕೆ ನೆತ್ತಿಯ ಕಡೆಗೆ ಏರಿತ್ತು, ಪೂರ್ವದ ಬೆಟ್ಟದಂಚಿನಲ್ಲಿ ಮಹಾವ್ಯಾಧ ಮಲಗಿದಂತೆ ಏಳುತ್ತಿದ್ದ. ಆಕಾಶಗಂಗೆ ಈ ಬದಿಯಿಂದ ಆ ಬದಿಗೆ. ತೀರ್ಥಹಳ್ಳಿ ಕಡೆಯವರಾದ ಇವರು ತಲೆಯೆತ್ತಿ ನಿಂತು, "ನಮ್ಮ ಅಂಗಳದಲ್ಲಿ ಹೀಗೇ ಕಾಣ್ತಿತ್ತು, ಕರೆಂಟ್ ಬರೋಕೆ ಮುಂಚೆ" ಅಂದರು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ. ಅವರ ಮನೆಗೆ ಕರೆಂಟ್ ಬಂದದ್ದು ಅವರಿಗೆ ನೆನಪಿದೆ ಎಂಬುದು ನನಗೆ ಆ ರಾತ್ರಿಯೇ ಗೊತ್ತಾಗಿದ್ದು.

ಮರುದಿನ ಬ್ರಿಸಲ್‌ಕೋನ್ ಪೈನ್ ಮರಗಳ ತೋಪಿಗೆ ನಡೆದೆವು. ಹೋಗಿ ಬರಲು ಮೂರು ಮೈಲಿಗೂ ಕಡಿಮೆ, ಆದರೆ ಉಸಿರು ಸಾಲದೆ ಮೆಲ್ಲಗೆ ನಡೆಯಬೇಕು. ಮೂರು ಸಾವಿರ ವರ್ಷ ದಾಟಿದ ಮರಗಳು ಅಲ್ಲಿವೆ. ಅರ್ಧ ಮೈ ಒಣಗಿ ಬಿಳಿಚಿರುತ್ತದೆ, ಒಂದು ಪಟ್ಟಿ ತೊಗಟೆಯಲ್ಲಿ ಜೀವ ಹರಿಯುತ್ತಿರುತ್ತದೆ, ತುದಿಯಲ್ಲಿ ಹಸಿರು. ಕಲ್ಲುನೆಲ, ಚಳಿಗಾಳಿ, ಸ್ವಲ್ಪವೇ ನೀರು. ಅದಕ್ಕೇ ತೀರಾ ನಿಧಾನವಾಗಿ ಬೆಳೆಯುತ್ತವೆ, ಮರ ಗಟ್ಟಿಯಾಗಿ ಅಂಟು ತುಂಬಿ ಹುಳು, ಕೊಳೆತ ಹತ್ತಿರ ಬರುವುದಿಲ್ಲ. ಈ ಬೆಟ್ಟದಲ್ಲೇ ಇದ್ದ, ಪ್ರಮೀಥಿಯಸ್ ಎಂದು ಕರೆಯುವ ಮರವನ್ನು 1964ರಲ್ಲಿ ಸಂಶೋಧನೆಗೆಂದು ಅನುಮತಿ ಪಡೆದೇ ಕಡಿದರು. ಉಂಗುರ ಎಣಿಸಿದಾಗ 4,862. ಆಗ ಇದು ನ್ಯಾಷನಲ್ ಪಾರ್ಕ್ ಆಗಿರಲಿಲ್ಲ, ಆದದ್ದು 1986ರಲ್ಲಿ. ಆ ಸಂಖ್ಯೆ ಓದಿದ ಮೇಲೆ ನಾನು ಸ್ವಲ್ಪ ಹೊತ್ತು ಮುಂದೆ ನಡೆಯಲಾರದೆ ಕೂತೆ.

ಕ್ಯಾಪಿಟಲ್ ರೀಫ್‌ನಲ್ಲಿ ನಮ್ಮ ಟೆಂಟ್ ಇದ್ದದ್ದು ಹಣ್ಣಿನ ತೋಟದ ಪಕ್ಕದಲ್ಲಿ. 1880ರ ದಶಕದಲ್ಲಿ ಬಂದು ನೆಲೆಸಿದ ಮಾರ್ಮನ್ ಎಂಬ ಕ್ರೈಸ್ತ ಪಂಥದ ಕುಟುಂಬಗಳು ಕೆಂಪು ಬಂಡೆಗೋಡೆಗಳ ನಡುವೆ ನೆಟ್ಟ ತೋಟವನ್ನು ಪಾರ್ಕಿನವರು ಇವತ್ತಿಗೂ ಬೆಳೆಸುತ್ತಿದ್ದಾರೆ. ಜಾಗದ ಹೆಸರೇ ಫ್ರೂಟಾ. ಬದಿಯಲ್ಲಿ ಹರಿಯುವುದು ಫ್ರೀಮಾಂಟ್ ನದಿ. ನಮ್ಮ ಊರಿಗೂ ಈ ನದಿಗೂ ಒಬ್ಬನೇ ಅನ್ವೇಷಕನ ಹೆಸರು. ಕೊಯ್ಲಿಗೆ ತೆರೆದ ತೋಟದೊಳಗೆ ಹೋಗಿ ಮರದಿಂದ ಕಿತ್ತು ತಿಂದರೆ ದುಡ್ಡಿಲ್ಲ. ಹೊರಗೆ ಒಯ್ಯುವುದಾದರೆ ಅಲ್ಲೇ ಇಟ್ಟ ತಕ್ಕಡಿಯಲ್ಲಿ ತೂಗಿ, ಡಬ್ಬಿಗೆ ದುಡ್ಡು ಹಾಕಬೇಕು. ನಾವು ಹೋದಾಗ ಸೇಬಿನ ಕಾಲ. ಇವರು ಮರ ಬಿಟ್ಟು ಕಾಲುವೆಯ ಹಿಂದೆ ಹೋದರು. "ನಮ್ಮ ಅಡಿಕೆ ತೋಟದಲ್ಲಿ ನೀರು ಹೊರಗೆ ಹೋಗಲಿ ಅಂತ ಕಾಲುವೆ ತೋಡ್ತೀವಿ. ಇವರು ಒಳಗೆ ಬರಲಿ ಅಂತ ತೋಡಿದ್ದಾರೆ ನೋಡು." ಅಲ್ಲಿ ವರ್ಷಕ್ಕೆ ಬೀಳುವುದು 8 ಇಂಚಿನಷ್ಟು ಮಳೆ, ಆಗುಂಬೆಯಲ್ಲಿ ಜೋರು ಮಳೆಯ ಒಂದೇ ದಿನದಲ್ಲಿ ಅಷ್ಟು ಸುರಿದುಬಿಡುತ್ತದೆ. ಸಂಜೆ ಹುಳಿ ಸೇಬು ಹೆಚ್ಚಿ, ಬೆಲ್ಲ, ಮೆಣಸಿನಪುಡಿ ಹಾಕಿ ಗೊಜ್ಜು ಮಾಡಿದೆ. ಜಿಂಕೆಗಳು ಟೆಂಟುಗಳ ನಡುವೆ ಉದುರಿದ ಹಣ್ಣು ಹುಡುಕಿಕೊಂಡು ಓಡಾಡುತ್ತಿದ್ದವು. ಸ್ನಾನದ ಮನೆ ಇಲ್ಲ. ಬಕೆಟ್ಟು, ಚೊಂಬು ತಂದದ್ದು ಇಲ್ಲಿ ಕೈ ಹಿಡಿಯಿತು.

ಜಗಳ ಆಗಲಿಲ್ಲವೇ ಎಂದು ಗೆಳತಿಯರು ಕೇಳುತ್ತಾರೆ. ಆಯಿತು. ಮೊದಲ ಟೆಂಟ್ ಹಾಕುವಾಗ ಬಾಗಿಲು ಯಾವ ಕಡೆಗಿರಬೇಕೆಂದು ಆದ ವಾದ ಊಟದವರೆಗೂ ಎಳೆಯಿತು. ಮರುದಿನ ಕೆಲಸ ಹಂಚಿಕೊಂಡೆವು. ಟೆಂಟು ಅವರದು, ಒಲೆ ನನ್ನದು, ಕೇಳದೆ ಒಬ್ಬರು ಇನ್ನೊಬ್ಬರಿಗೆ ಸಲಹೆ ಕೊಡಬಾರದು. ಇದು ನಮಗೆ ಮೊದಲೇ ಹೊಳೆಯಬೇಕಿತ್ತು.

ಅಲ್ಲಿಂದ ಬ್ರೈಸ್‌ಗೆ ಹೆದ್ದಾರಿ 12. ಇದೊಂದು ದಾರಿಗೆ ಇಡೀ ದಿನ ಕೊಡಿ. ಬೌಲ್ಡರ್ ಬೆಟ್ಟದ ಮೇಲೆ 9,600 ಅಡಿಯಲ್ಲಿ ಆಸ್ಪೆನ್ ಮರಗಳು ಹಳದಿಗೆ ತಿರುಗಿದ್ದವು. ಕೆಳಗಿನ ಬೌಲ್ಡರ್ ಎಂಬ ಪುಟ್ಟ ಊರಿಗೆ 1930ರ ದಶಕದಲ್ಲೂ ಹೇಸರಗತ್ತೆಯ ಮೇಲೆ ಟಪಾಲು ಬರುತ್ತಿತ್ತಂತೆ. ಆಮೇಲೆ ಹಾಗ್‌ಬ್ಯಾಕ್ ಎಂಬ ಏಣು, ಎರಡೂ ಬದಿಗೆ ಕಮರಿ, ತಡೆಗೋಡೆ ಇಲ್ಲ. ಇವರು ಓಡಿಸಿದರು, ನಾನು ಮಾತಾಡಲಿಲ್ಲ.

ಬ್ರೈಸ್‌ನಲ್ಲಿ ಸನ್‌ಸೆಟ್ ಕ್ಯಾಂಪ್‌ಗ್ರೌಂಡಿನಿಂದ ಕಂದಕದ ಅಂಚಿಗೆ ನಡೆದೇ ಹೋಗಬಹುದು. ಎಂಟು ಸಾವಿರ ಅಡಿ ಎತ್ತರ. ವರ್ಷದ ಹೆಚ್ಚುಕಡಿಮೆ ಅರ್ಧದಷ್ಟು ದಿನ ರಾತ್ರಿ ನೀರು ಹೆಪ್ಪುಗಟ್ಟಿ ಹಗಲು ಕರಗುತ್ತದೆ. ಬಿರುಕಿನೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುವಾಗ ಕಲ್ಲನ್ನು ಸೀಳುತ್ತದೆ, ಕರಗುವಾಗ ಪುಡಿ ಜಾರುತ್ತದೆ. ಹೀಗೆ ಕೊರೆದು ಉಳಿದ ಸಾವಿರಾರು ಕಂಬಗಳೇ ಹೂಡೂಗಳು. ಇಲ್ಲಿನ ಪೈಯೂಟ್ ಜನರ ಕಥೆಯಲ್ಲಿ ಇವರೆಲ್ಲ ಕೆಟ್ಟದ್ದು ಮಾಡಿದ್ದಕ್ಕೆ ಮಾಯಾವಿ ಕಯೋಟಿ ಕಲ್ಲಾಗಿಸಿದ ಪುರಾತನ ಜನ. ಅಹಲ್ಯೆಯ ಕಥೆ ಕೇಳಿ ಬೆಳೆದವಳಿಗೆ ಆ ಕಂಬಗಳಲ್ಲಿ ಮುಖ ಕಾಣದೇ ಇರುವುದಿಲ್ಲ.

ಎರಡನೆಯ ಬೆಳಿಗ್ಗೆ ಆರೂವರೆಗೆ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಅದೇ ಕಂಬಿಯ ಹತ್ತಿರ ಹೋಗಿ ನಿಂತೆವು. ಏಳು ಗಂಟೆ ಇಪ್ಪತ್ತು ನಿಮಿಷದ ಸುಮಾರಿಗೆ ಸೂರ್ಯ ಬಂದ. ಮೊದಲು ಕಂಬಗಳ ತುದಿ ಹೊತ್ತಿಕೊಂಡಿತು, ಬೆಳಕು ಇಳಿದಂತೆ ಒಂದು ಕಂಬದ ಕೆಂಪು ಇನ್ನೊಂದರ ನೆರಳಿನ ಮೇಲೆ ಬಿದ್ದು ನೆರಳೂ ಕಿತ್ತಳೆಯಾಯಿತು. ಫೋನಿನಲ್ಲಿ ಒಂದೇ ಗೆರೆ ಸಿಗ್ನಲ್. ಮೈಸೂರಿನಲ್ಲಿ ದೀಪ ಹಚ್ಚುವ ಹೊತ್ತು. ವಿಡಿಯೋ ಹತ್ತಿತು, ನಿಂತಿತು, ಮತ್ತೆ ಹತ್ತಿತು. ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಆ ಕಂಬಿ ಅದೇ ಅಲ್ವೇನಮ್ಮ?" ಅಂದರು. ಹೌದಪ್ಪ ಅಂದೆ. "ಸ್ವಲ್ಪ ಎಡಕ್ಕೆ ತಿರುಗಿಸು." ತಿರುಗಿಸಿದೆ. ಅಷ್ಟರಲ್ಲಿ ಚಿತ್ರ ನಿಂತುಹೋಯಿತು.

ಜಯಾನ್‌ನ ವಿಚಾರ ಎಲ್ಲರೂ ಬರೆದಿದ್ದಾರೆ, ನಾನು ಒಂದೇ ಹೇಳುತ್ತೇನೆ. ಪೂರ್ವದ ಬಾಗಿಲಿನಿಂದ ಒಳಗೆ ಬನ್ನಿ. 1930ರಲ್ಲಿ ಮುಗಿದ ಒಂದು ಮೈಲಿಗೂ ಉದ್ದದ ಸುರಂಗ ದಾಟಿ ಹೊರಬಿದ್ದಾಗ ಇಡೀ ಕಣಿವೆ ಒಮ್ಮೆಲೇ ಎದುರಾಗುತ್ತದೆ. ಏಂಜಲ್ಸ್ ಲ್ಯಾಂಡಿಂಗ್ ಎಂಬ ಕಡಿದಾದ ಬಂಡೆ ಹತ್ತಲು 2022ರಿಂದ ಪರ್ಮಿಟ್ ಬೇಕು, ನಾವು ಹತ್ತಲಿಲ್ಲ. ವರ್ಜಿನ್ ನದಿಯೊಳಗೇ ನಡೆಯುವ ನ್ಯಾರೋಸ್‌ಗೆ ಬಾಡಿಗೆ ಬೂಟು, ಕೋಲು ಹಿಡಿದು ಹೋದೆವು. ಹೊರಡುವ ಮೊದಲು ಆ ದಿನದ ಪ್ರವಾಹ ಮುನ್ಸೂಚನೆ ನೋಡಲೇಬೇಕು. ತಲೆ ಮೇಲೆ ನೀಲಿ ಆಕಾಶ ಇದ್ದರೂ ಮೈಲಿಗಟ್ಟಲೆ ಆಚೆ ಬಿದ್ದ ಮಳೆ ಇಕ್ಕಟ್ಟಿನ ಕಣಿವೆಗೆ ಗೋಡೆಯಂತೆ ನುಗ್ಗುತ್ತದೆ. 2015ರ ಸೆಪ್ಟೆಂಬರಿನಲ್ಲಿ ಇದೇ ಪಾರ್ಕಿನ ಕೀಹೋಲ್ ಕಣಿವೆಯಲ್ಲಿ ಏಳು ಜನ ಹೀಗೇ ಪ್ರಾಣ ಕಳೆದುಕೊಂಡರು. ಮಧ್ಯಾಹ್ನ ಮೋಡ ಕಟ್ಟುವುದು ಕಂಡು ಇವರು "ಸಾಕು ಕಣೇ" ಅಂದರು. ಆಮೇಲೆ ಮಳೆ ಬರಲೇ ಇಲ್ಲ, ಆದರೂ ತಿರುಗಿದ್ದು ಸರಿ.

ಮನೆಗೆ ಬಂದು ಟೆಂಟನ್ನು ಎರಡು ದಿನ ಬಾಲ್ಕನಿಯಲ್ಲಿ ಒಣಗಿಸಿದೆವು. ತೇವದಲ್ಲೇ ಮಡಚಿದರೆ ಬೂಷ್ಟು ಹಿಡಿಯುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ಬದಲಾಯಿಸಿದೆ. ಮುಂದಿನ ಸೆಪ್ಟೆಂಬರಿಗೆ ಅಪ್ಪ-ಅಮ್ಮ ಬರುತ್ತಿದ್ದಾರೆ. ಒಂದೇ ಪಾರ್ಕು, ಬ್ರೈಸ್, ಮೂರು ರಾತ್ರಿ. ಅವರಿಗೆ ಕಂದಕದ ಅಂಚಿನ ಹತ್ತಿರದ ಲಾಡ್ಜಿನಲ್ಲಿ ರೂಮು ಸಿಕ್ಕಿದೆ, ನಮಗೆ ಟೆಂಟು.