ಲೇಕಿನಲ್ಲಿ ಫ್ಲಾಟ್‌ಹೆಡ್ ಸಿಗಲ್ಲ ಅಂದಿದ್ದರು

ಕಳೆದ ಸೆಪ್ಟೆಂಬರಿನ ಒಂದು ರಾತ್ರಿ, ಒಂದೂವರೆ ಗಂಟೆ ಇರಬೇಕು. ಟೆಕ್ಸಸ್‌ನ ಡಲ್ಲಾಸ್ ಹತ್ತಿರದ ಲೂಯಿಸ್‌ವಿಲ್ ಲೇಕಿನ ದಂಡೆಯಲ್ಲಿ ನನ್ನ ಡಿಜಿಟಲ್ ತಕ್ಕಡಿ 41 ಪೌಂಡ್ ತೋರಿಸಿತು. ಮೀಸೆಯ ಕ್ಯಾಟ್‌ಫಿಶ್, ಆದರೆ ಬ್ಲೂ ಜಾತಿಯದಲ್ಲ, ಚಾನೆಲ್ ಜಾತಿಯದೂ ಅಲ್ಲ. ಹಳದಿ-ಕಂದು ಮೈ, ಚಪ್ಪಟೆ ತಲೆ, ಮುಂದಕ್ಕೆ ಚಾಚಿದ ಕೆಳದವಡೆ. ಅಪ್ಪಟ ಫ್ಲಾಟ್‌ಹೆಡ್. ತಕ್ಕಡಿ ಅಗ್ಗದ್ದು, ಒಂದೆರಡು ಪೌಂಡ್ ಜಾಸ್ತಿ ಹೇಳಿರಬಹುದು. ಇರಲಿ.

ಡಲ್ಲಾಸ್ ಸುತ್ತಮುತ್ತ ಗಾಳ ಹಾಕುವ ನಮ್ಮ ಕನ್ನಡದವರು ಐದಾರು ಜನ ಇದ್ದೇವೆ. ಎಲ್ಲರದ್ದೂ ಒಂದೇ ಮಾತು. "ಅದು ಹೊಳೆ ಮೀನು ಮಾರಾಯ, ಡ್ಯಾಮ್ ಕೆಳಗೆ ಎಲ್ಮ್ ಫೋರ್ಕ್ ಹೊಳೆಗೆ ಹೋಗು. ಇಷ್ಟು ದೊಡ್ಡ ಲೇಕಿನಲ್ಲಿ ಎಲ್ಲಿ ಅಂತ ಹುಡುಕ್ತೀಯ?" ನಾನು ದಾಖಲೆ ತೆಗೆದು ತೋರಿಸುತ್ತಿದ್ದೆ. 123 ಪೌಂಡಿನ ವಿಶ್ವದಾಖಲೆ ಸಿಕ್ಕಿದ್ದು 1998ರಲ್ಲಿ, ಕನ್ಸಾಸ್‌ನ ಎಲ್ಕ್ ಸಿಟಿ ಜಲಾಶಯದಲ್ಲಿ. ಅದೇ ವರ್ಷ ಟೆಕ್ಸಸ್‌ನ ಲೇಕ್ ಪ್ಯಾಲೆಸ್ಟೀನಿನಲ್ಲಿ 98.5 ಪೌಂಡಿನದು. ಎರಡೂ ನಿಂತ ನೀರೇ ಅಲ್ವಾ? "ಅದು ಅದೃಷ್ಟ ಬಿಡು" ಅನ್ನುತ್ತಿದ್ದರು. ಕನ್ಸಾಸ್‌ನವನು ಕ್ರಾಪಿ ಅನ್ನುವ ಸಣ್ಣ ಮೀನು ಹಿಡಿಯಲು ಕೂತಿದ್ದ ಅನ್ನುವುದು ನಿಜ, ಹಾಗಾಗಿ ನನಗೆ ಬಾಯಿ ಇರಲಿಲ್ಲ.

ಮೊದಲ ವರ್ಷ ಪೂರ್ತಿ ದಡ್ಡತನ. ಕೋಳಿ ಲಿವರ್ ಹಾಕಿದೆ, ಶ್ಯಾಡ್ ಅನ್ನುವ ಸಣ್ಣ ಮೀನಿನ ತುಂಡು ಹಾಕಿದೆ. ಎಂಟು ಹತ್ತು ಪೌಂಡಿನ ಬ್ಲೂಗಳು ಬಂದವು, ಚೂಪು ಹಲ್ಲಿನ ಗಾರ್ ಮೀನುಗಳು ದಾರ ಕತ್ತರಿಸಿದವು. ಫ್ಲಾಟ್‌ಹೆಡ್‌ಗೆ ಜೀವ ಇರುವ ಎರೆಯೇ ಬೇಕು ಅಂತ ನಿಮಗೂ ಗೊತ್ತು, ನನಗೂ ಗೊತ್ತಿತ್ತು. ಸೋಮಾರಿತನ, ಅಷ್ಟೇ. ಎರಡನೇ ವರ್ಷ ಜೀವಂತ ಶ್ಯಾಡ್ ಪ್ರಯತ್ನಿಸಿದೆ. ಬಕೆಟ್ಟಿಗೆ ಹಾಕಿ ಹಿಂದಿರುಗಿ ನೋಡುವಷ್ಟರಲ್ಲಿ ಹೊಟ್ಟೆ ಮೇಲಾಗಿರುತ್ತಿದ್ದವು. ಆಮೇಲೆ ಬ್ಲೂಗಿಲ್, ಅಂಗೈ ಅಗಲದ ಇನ್ನೊಂದು ಸಣ್ಣ ಮೀನು. ಮನೆ ಹತ್ತಿರದ ಕೊಳದಲ್ಲಿ ಹಿಡಿದು ಒಯ್ಯೋಣ ಅಂದರೆ ಝೀಬ್ರಾ ಮಸಲ್ ಕಾಟ, ನೀರಿನ ಜೊತೆ ಹರಡುವ ಸಣ್ಣ ಚಿಪ್ಪುಜೀವಿ. ಒಂದು ಲೇಕಿನ ನೀರು ಇನ್ನೊಂದಕ್ಕೆ ಒಯ್ಯುವ ಹಾಗಿಲ್ಲ. ನಾನು ಜಾಣ ಅಂದುಕೊಂಡು ಕೊಳದ ನೀರು ಚೆಲ್ಲಿ ನಲ್ಲಿ ನೀರು ತುಂಬಿಸಿದೆ. ಕ್ಲೋರಿನ್! ಹದಿನಾಲ್ಕು ಬ್ಲೂಗಿಲ್ ಕಾರಿನಲ್ಲೇ ಸತ್ತವು. ಆಮೇಲೆ ಓದಿ ನೋಡಿದರೆ, ನಾವೇ ಹಿಡಿದ ಜೀವಂತ ಮೀನನ್ನು ಹಿಡಿದ ಜಾಗದಲ್ಲಿ ಮಾತ್ರ ಎರೆ ಮಾಡಬಹುದಂತೆ. ಅಂದರೆ ನೀರು ಸರಿ ಇದ್ದಿದ್ದರೂ ತಪ್ಪೇ ಆಗುತ್ತಿತ್ತು. ವಾರಗಟ್ಟಲೆ ಕಾರಿನ ವಾಸನೆ ಹೋಗಲಿಲ್ಲ, ಮನೆಯಲ್ಲಿ ಮಾತೂ ಹೋಗಲಿಲ್ಲ.

ಈಗ ಸಂಜೆ ಆರಕ್ಕೇ ಹೋಗಿ ಅದೇ ದಂಡೆಯಲ್ಲಿ ಸಣ್ಣ ಗಾಳಕ್ಕೆ ಎರೆಹುಳು ಚೂರು ಹಾಕಿ ಹಿಡಿಯುತ್ತೇನೆ. ನಿಜ ಹೇಳಬೇಕೆಂದರೆ ಹಿಡಿಯುವುದು ನನ್ನ ಮಗಳು. ಎಂಟು ವರ್ಷ ಅವಳಿಗೆ, ನನಗಿಂತ ಚುರುಕು.

ದುಡ್ಡಿನ ವಿಷಯ. ಎರಡು ರಾಡು-ರೀಲಿಗೆ ಸುಮಾರು 220 ಡಾಲರ್, ಸೆಕೆಂಡ್‌ಹ್ಯಾಂಡ್ ಕಯಾಕ್ 400, ನೀರಿನ ತಳ ತೋರಿಸುವ ಫಿಶ್‌ಫೈಂಡರ್ 300 ಚಿಲ್ಲರೆ. ಲೈಸೆನ್ಸ್, ಪೆಟ್ರೋಲು, ಗಾಳ ಮುಳುಗಿಸಲು ಕಟ್ಟಿ ಕಳೆದುಕೊಂಡ ಸೀಸದ ಗುಂಡುಗಳು ಬೇರೆ. ಮೊದಲ ಫ್ಲಾಟ್‌ಹೆಡ್ ಬರುವ ಹೊತ್ತಿಗೆ 1,400 ಡಾಲರ್ ಹತ್ತಿರ ಹೋಗಿತ್ತು. ಎರಡು ವರ್ಷದಲ್ಲಿ ನಲವತ್ತು ರಾತ್ರಿ, ಬಂದಿದ್ದು ಸೊನ್ನೆ. "ಅಂಗಡಿಯಲ್ಲಿ ಪೌಂಡಿಗೆ ಆರು ಡಾಲರ್" ಅಂತ ಹೆಂಡತಿ ನೆನಪಿಸುತ್ತಲೇ ಇದ್ದಳು.

ದಾರಿ ಸಿಕ್ಕಿದ್ದು ಊರಿನಲ್ಲಿ. ರಜಕ್ಕೆ ಹೊಸಪೇಟೆಗೆ ಹೋಗಿದ್ದಾಗ ಸೋದರಮಾವನ ಹತ್ತಿರ ಗೋಳು ಹೇಳಿಕೊಂಡೆ. ಅವರು ತುಂಗಭದ್ರಾ ಹಿನ್ನೀರಿನಲ್ಲಿ ಬಾಳೆಮೀನು ಹಿಡಿದು ಕೂದಲು ಬೆಳ್ಳಗಾದವರು. ಅವರ ಅಪ್ಪ 1953ಕ್ಕೆ ಮುಂಚಿನ, ಡ್ಯಾಮ್ ಇಲ್ಲದ ಹೊಳೆಯನ್ನು ನೋಡಿದ್ದರು. ಮಾವ ಒಂದೇ ಪ್ರಶ್ನೆ ಕೇಳಿದರು: "ಆ ನೀರಿನ ಕೆಳಗ ಹಳೇ ಹಳ್ಳ ಎಲ್ಲೈತಿ, ಗೊತ್ತೈತೇನು?" ಗೊತ್ತಿರಲಿಲ್ಲ. "ಮತ್ತ ಎಲ್ಲಿ ಗಾಳ ಒಗೀತಿ?"

ವಾಪಸ್ ಬಂದು ಹಳೇ ನಕ್ಷೆ ಹುಡುಕಿದೆ. ಲೂಯಿಸ್‌ವಿಲ್ ಒಂದೇ ಲೇಕ್ ಅಲ್ಲ. 1920ರ ದಶಕದ ಲೇಕ್ ಡಲ್ಲಾಸಿನ ಗಾರ್ಝಾ ಅಣೆಕಟ್ಟು ಇದರೊಳಗೇ ಇದೆ. ಹೊಸ ಡ್ಯಾಮ್ ಆದಮೇಲೆ 1957ರಲ್ಲಿ ಅದನ್ನು ಒಡೆದು ಎರಡೂ ನೀರು ಕೂಡಿಸಿದರು. ಮೊದಲು ಅಲ್ಲಿಗೇ ಹೋದೆ. ಬರೀ ಕಲ್ಲು, ಮೇಲೆ ದೋಣಿಗಳ ಸಂತೆ. ಒಂದೇ ದಿನ ಒಂಬತ್ತು ಗುಂಡು ಸಿಕ್ಕಿಹಾಕಿಕೊಂಡು ಹೋದವು. ಅದನ್ನು ಬಿಟ್ಟು ಹಳ್ಳಗಳ ಹಿಂದೆ ಬಿದ್ದೆ. ಹಿಕರಿ ಕ್ರೀಕ್, ಲಿಟಲ್ ಎಲ್ಮ್, ಸ್ಟೂವರ್ಟ್ ಕ್ರೀಕ್. ನಾಲ್ಕು ಶನಿವಾರ ಹಗಲು ಹೊತ್ತು ಗಾಳವನ್ನೇ ಒಯ್ಯದೆ ಕಯಾಕಿನಲ್ಲಿ ಕೂತು ತಳ ನೋಡಿದೆ. ಕೊನೆಗೆ ಒಂದು ಕಡೆ ದಂಡೆಯ ಐದಾರು ಅಡಿ ನೀರು ಇದ್ದಕ್ಕಿದ್ದಂತೆ ಇಪ್ಪತ್ತು ಅಡಿಗೆ ಇಳಿಯಿತು. ಹಳೇ ಹಳ್ಳದ ಮಡು. ಅದರ ಅಂಚಿಗೆ ಮುಳುಗಿದ ಮರದ ಬೊಡ್ಡೆಗಳು.

ಆಗ ನನ್ನ ತಪ್ಪು ತಿಳಿಯಿತು. ಎರಡು ವರ್ಷ ನಾನು ತೋಳಿನಲ್ಲಿ ಬಲ ಇದ್ದಷ್ಟು ದೂರ, ಆದಷ್ಟು ಆಳಕ್ಕೆ ಎಸೆಯುತ್ತಿದ್ದೆ. ಹಗಲು ಈ ಮೀನು ಬೊಡ್ಡೆಯ ಸಂದಿಯಲ್ಲಿ ಮಲಗಿರುತ್ತದೆ. ಕತ್ತಲಾದ ಮೇಲೆ ಬೇಟೆಗೆ ತೆಳು ನೀರಿಗೆ ಹತ್ತುತ್ತದೆ. ನಾನು ಎಸೆದ ಎರೆಗಿಂತ ಈಚೆ, ನನ್ನ ಕಾಲ ಬುಡದಲ್ಲೇ ಅದು ಓಡಾಡುತ್ತಿತ್ತು! ಈಗ ಹಾಕುವುದು ದಂಡೆಯಿಂದ ಇಪ್ಪತ್ತೈದು ಮೂವತ್ತು ಅಡಿ, ಅಷ್ಟೇ. ಐದಾರು ಇಂಚಿನ ಬ್ಲೂಗಿಲ್, 8/0 ಅಳತೆಯ ಸರ್ಕಲ್ ಹುಕ್ (ತುದಿ ಒಳಕ್ಕೆ ಬಾಗಿದ ಗಾಳ), 3 ಔನ್ಸ್ ಗುಂಡು, ಗುಂಡಿನಿಂದ ಗಾಳದವರೆಗಿನ ದಾರ ಒಂದು ಗೇಣು. ಉದ್ದ ಬಿಟ್ಟರೆ ಬ್ಲೂಗಿಲ್ ಬೊಡ್ಡೆಗೆ ಸುತ್ತಿಕೊಳ್ಳುತ್ತದೆ. ಆ ಗೇಣು 80 ಪೌಂಡ್ ತಡೆಯುವ ಮಾನೋ (ಒಂಟಿ ಎಳೆಯ ನೈಲಾನ್ ದಾರ) ಆಗಿರಲಿ, ಮಸಲ್ ಚಿಪ್ಪು ಬ್ಲೇಡಿನ ಹಾಗೆ ಕೊಯ್ಯುತ್ತದೆ. ನೀರಿನ ಮೇಲೆ ಟಾರ್ಚ್ ಬಿಡಬೇಡಿ. ಬ್ಲೂಗಿಲ್‌ನ ಬಾಲದ ರೆಕ್ಕೆ ಸ್ವಲ್ಪ ಕತ್ತರಿಸುವುದು ಎಲ್ಲರೂ ಮಾಡುವುದೇ. ನಾನು ಇನ್ನೊಂದು ಮಾಡುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಯಾವ ಕ್ರೀಕ್ ಅಂತಲೂ ಕೇಳಬೇಡಿ.

ಮೊದಲನೆಯದು ಏಪ್ರಿಲ್ ಕೊನೆಗೆ ಕಚ್ಚಿತು. ಹಳೇ ಚಾಳಿ, ರಾಡನ್ನು ಜೋರಾಗಿ ಎಳೆದೆ. ಹೋಯಿತು. ಸರ್ಕಲ್ ಹುಕ್ ಎಳೆಯಬಾರದು, ರಾಡು ಪೂರ್ತಿ ಬಾಗುವ ತನಕ ಕೈ ಕಟ್ಟಿ ಕೂರಬೇಕು. ಮುಂದಿನ ವಾರ 17 ಪೌಂಡಿನದು ಬಂತು. ಜೂನಿನಲ್ಲಿ ಐದು ರಾತ್ರಿ ಸುಮ್ನೆ ಹಾಳಾದವು. ಮೊಟ್ಟೆ ಇಡುವ ಕಾಲ, ಗಂಡು ಪೊಟರೆ ಬಿಟ್ಟು ಏಳುವುದಿಲ್ಲ. ಆಗಸ್ಟಿನಿಂದ ಮತ್ತೆ ಶುರು. ಆ ವರ್ಷ ಒಟ್ಟು ಇಪ್ಪತ್ತು ರಾತ್ರಿ ಇರಬಹುದು, ಏಳು ಫ್ಲಾಟ್‌ಹೆಡ್.

ಬೇಸರ ಕಳೆಯಲು ಬೇರೆ ಆಟವೂ ಆಡಿದೆ. ರಾಗಿ ಮುದ್ದೆಗೆ ಇಂಗು ಕಲಸಿ ಮೂರನೇ ರಾಡಿಗೆ ಹಾಕಿದೆ. ಫ್ಲಾಟ್‌ಹೆಡ್ ಮೂಸಲೂ ಇಲ್ಲ, ಆದರೆ ಕಾರ್ಪ್ ಮತ್ತು ಬಫೆಲೋ ಅನ್ನುವ ಮೀನುಗಳು ಮುಗಿಬಿದ್ದವು. ಒಂದು ಬಫೆಲೋ 20 ಪೌಂಡ್ ದಾಟಿತ್ತು. ಇಂಗಿಲ್ಲದ ಮುದ್ದೆಗೂ ಅಷ್ಟೇ ಬಂದವು, ಹಾಗಾಗಿ ಇಂಗು ದಂಡ. ಫ್ರೀಜರಿನ ಬ್ಲೂಗಿಲ್ ಆಮೆಗಳ ಪಾಲಾಯಿತು.

ದೊಡ್ಡವನ್ನೆಲ್ಲ ವಾಪಸ್ ಬಿಟ್ಟೆ. 8 ಪೌಂಡಿನ ಒಂದನ್ನು ಮಾತ್ರ ಮನೆಗೆ ತಂದೆ. ಹುಣಸೆಹುಳಿ, ಕಾಯಿ ಹಾಕಿ ಸಾರು. ಬ್ಲೂಗಿಂತ ರುಚಿ, ಕೆಸರು ವಾಸನೆ ಇಲ್ಲವೇ ಇಲ್ಲ. ಆರು ಡಾಲರ್ ಲೆಕ್ಕ ಹೇಳುತ್ತಿದ್ದವಳು ಎರಡು ಸಲ ಬಡಿಸಿಕೊಂಡಳು. ಎಲ್ಮ್ ಫೋರ್ಕ್‌ಗೆ ಹೋಗು ಅಂದಿದ್ದವರಲ್ಲಿ ಒಬ್ಬರು ಮೊನ್ನೆ ಫೋನ್ ಮಾಡಿ, ಈ ಶನಿವಾರ ಜೊತೆಗೆ ಬರಲಾ ಅಂತ ಕೇಳಿದರು. ಬನ್ನಿ, ಆದರೆ ಆರು ಗಂಟೆಗೇ ಬಂದು ಮಗಳ ಜೊತೆ ಬ್ಲೂಗಿಲ್ ಹಿಡಿಯಬೇಕು ಅಂದೆ.