ಸಂಜೆಯ ಧೂಮಕೇತು: ಮುಷ್ಟಿಯಲ್ಲಿ ಅಳೆಯಿರಿ, ಓರೆಗಣ್ಣಿನಲ್ಲಿ ನೋಡಿ

ಧೂಮಕೇತು ನೋಡಲು ತಾರಸಿ ಹತ್ತಿ, ಏನೂ ಕಾಣದೆ ಕೆಳಗಿಳಿದವರು ಬಹಳ ಮಂದಿ. ಹೆಚ್ಚಿನವರು ತಪ್ಪುವುದು ದಿಕ್ಕಿನಲ್ಲಲ್ಲ, ಹೊತ್ತಿನಲ್ಲಿ. ಸಂಜೆಯ ಧೂಮಕೇತು ಸೂರ್ಯನ ಬೆನ್ನಿಗೇ ಮುಳುಗುತ್ತದೆ. ಬೇಗ ಹೋದರೆ ಆಕಾಶದ ಬೆಳಕು ಅದನ್ನು ನುಂಗಿರುತ್ತದೆ, ತಡವಾದರೆ ದಿಗಂತದ ಮಬ್ಬು.

ಹಾಗಾಗಿ ಮೊದಲು ಲೆಕ್ಕ. ಕೈಯನ್ನು ನೇರ ಮುಂದೆ ಚಾಚಿ ಮುಷ್ಟಿ ಹಿಡಿಯಿರಿ. ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ನಮ್ಮ ಕಡೆ ಪಶ್ಚಿಮದ ಆಕಾಶಕಾಯ ಒಂದು ಮುಷ್ಟಿ ಇಳಿಯಲು ಹೆಚ್ಚುಕಡಿಮೆ 40 ನಿಮಿಷ ಬೇಕು. ಸೂರ್ಯಾಸ್ತಕ್ಕೆ ಧೂಮಕೇತು ಎರಡು ಮುಷ್ಟಿ ಎತ್ತರದಲ್ಲಿದ್ದರೆ ಅದರ ಆಯುಸ್ಸು 80 ನಿಮಿಷ. ಪೂರ್ತಿ ಕತ್ತಲಾಗಲು 70 ನಿಮಿಷ ಹಿಡಿಯುತ್ತದೆ, ಅಷ್ಟರಲ್ಲಿ ಅದು ದಿಗಂತದ ಮಬ್ಬಿಗೆ ಇಳಿದಿರುತ್ತದೆ. ಹಾಗಾಗಿ ಸೂರ್ಯ ಮುಳುಗಿದ 40 ನಿಮಿಷದ ನಂತರದ ಅರ್ಧ ಗಂಟೆಯೇ ನಿಮ್ಮ ಪಾಲಿಗೆ ಸಿಕ್ಕಿದ್ದು. ಎತ್ತರವನ್ನು ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂನಂಥ ಆ್ಯಪ್ ಹೇಳುತ್ತದೆ.

ಎರಡನೆಯದು, ದಿನದ ಆಯ್ಕೆ. 2024ರ ಅಕ್ಟೋಬರ್‌ನಲ್ಲಿ ಬಂದ ತ್ಸುಚಿನ್‌ಶಾನ್–ಅಟ್ಲಾಸ್ ಧೂಮಕೇತು ಇದಕ್ಕೆ ಒಳ್ಳೆಯ ಪಾಠ. 12ರಂದು ಅದು ಭೂಮಿಗೆ ಅತಿ ಸಮೀಪ, ಸುಮಾರು 7 ಕೋಟಿ ಕಿಲೋಮೀಟರ್ ದೂರದಲ್ಲಿತ್ತು; ಪ್ರಕಾಶವಿತ್ತು, ಎತ್ತರವಿರಲಿಲ್ಲ. ದಿನದಿಂದ ದಿನಕ್ಕೆ ಮೇಲೇರಿತು, ಜೊತೆಗೇ ಮಂಕಾಯಿತು. 17ಕ್ಕೆ ಹುಣ್ಣಿಮೆ. 20ರ ಹೊತ್ತಿಗೆ ಚಂದ್ರ ತಡವಾಗಿ ಹುಟ್ಟತೊಡಗಿದಾಗ ಸಂಜೆಗತ್ತಲು ಮರಳಿತು. ಆ ವಾರ ಬೆಂಗಳೂರಿಗೆ ಸಿಕ್ಕಿದ್ದು ಮಾತ್ರ ಮಳೆ! ಮೋಡಕ್ಕೆ ಯಾವ ಆ್ಯಪ್ ಕೂಡ ಮದ್ದಲ್ಲ. ಒಂದೇ ಸಂಜೆಯನ್ನು ನೆಚ್ಚಿಕೊಳ್ಳದೆ ನಾಲ್ಕೈದು ಸಂಜೆ ಕೈಯಲ್ಲಿಟ್ಟುಕೊಳ್ಳಿ.

ಜಾಗ: ಪಶ್ಚಿಮಕ್ಕೆ ಮರ, ಕಟ್ಟಡ, ಊರಿನ ದೀಪ ಇರಬಾರದು. ಕೆರೆಯ ಪೂರ್ವದ ಏರಿ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ.

ಇನ್ನು ಹುಡುಕಾಟ. ಪರಿಚಿತ ಚುಕ್ಕಿಯಿಂದ ಹೊರಡಿ. ಆ ಅಕ್ಟೋಬರ್‌ನ ನಡುವೆ ಎಡಕ್ಕೆ ಶುಕ್ರ, ಬಲಕ್ಕೆ ಸ್ವಾತಿ, ಅವೆರಡರ ನಡುವೆ ತುಸು ಮೇಲೆ ಧೂಮಕೇತು ಇತ್ತು. 7x50 ಅಥವಾ 10x50 (7 ಅಥವಾ 10 ಪಟ್ಟು ದೊಡ್ಡದಾಗಿ ತೋರಿಸುವ, 50 ಮಿ.ಮೀ. ಮಸೂರದ) ಬೈನಾಕ್ಯುಲರ್ ಸಾಕು, ದೂರದರ್ಶಕ ಬೇಡ. ಆದರೆ ಸೂರ್ಯ ಪೂರ್ತಿ ಮುಳುಗುವವರೆಗೆ ಬೈನಾಕ್ಯುಲರ್ ಕಣ್ಣಿಗೆ ಹಿಡಿಯಲೇಬೇಡಿ. ಸಿಕ್ಕಿದ ಮೇಲೆ ನೇರವಾಗಿ ದಿಟ್ಟಿಸುವ ಬದಲು ಪಕ್ಕಕ್ಕೆ ನೋಡಿ. ಮಸುಕಾದ ಬಾಲ ಓರೆಗಣ್ಣಿಗೇ ಚೆನ್ನಾಗಿ ದಕ್ಕುತ್ತದೆ. ಈ ನಡುವೆ ಯಾರಾದರೂ ಮೊಬೈಲ್ ತೆರೆದರೆ ಕತ್ತಲಿಗೆ ಹೊಂದಿದ ಕಣ್ಣು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಫೋಟೊ ಬೇಕಿದ್ದವರು ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ನೈಟ್ ಮೋಡ್‌ನಲ್ಲಿ ಟೈಮರ್ ಇಟ್ಟು, ಎಲ್ಲರೂ ನೋಡಿದ ಮೇಲೆ ತೆಗೆಯಲಿ.

ಮುಳುಗಿದ ಸೂರ್ಯನ ಬೆಳಕು ತಾಗಿದ ವಿಮಾನದ ಹೊಗೆಗೆರೆಯೂ ಥೇಟ್ ಬಾಲಚುಕ್ಕಿಯಂತೆ ಹೊಳೆಯುತ್ತದೆ. ಅನುಮಾನ ಬಂದರೆ ಹತ್ತು ನಿಮಿಷ ಕಾಯಿರಿ. ಹೊಗೆಗೆರೆ ಚದುರಿರುತ್ತದೆ ಅಥವಾ ಸರಿದಿರುತ್ತದೆ. ಧೂಮಕೇತುವಾದರೆ ಬಾಲವನ್ನು ಸೂರ್ಯ ಮುಳುಗಿದ ಕಡೆಯಿಂದ ಮೇಲಕ್ಕೆ ಚಾಚಿಕೊಂಡು, ಅಕ್ಕಪಕ್ಕದ ಚುಕ್ಕಿಗಳ ಜೊತೆಯಲ್ಲೇ ಕಾಲು ಮುಷ್ಟಿಯಷ್ಟು ಇಳಿದಿರುತ್ತದೆ.