ನಿಮ್ಮ ದನಿಯನ್ನು ಎಐ ಕಂಪನಿಗೆ ಮಾರುವ ಮುನ್ನ

ಕನ್ನಡ ಕೇಳಿ ತಿಳಿಯುವ, ಕನ್ನಡದಲ್ಲೇ ಉತ್ತರಿಸುವ ಎಐಗೆ ಸಾವಿರಾರು ಜನರ ದನಿ ಬೇಕು. ಪುಸ್ತಕದ ಕನ್ನಡವನ್ನು ಓದಿಕೊಡುವವರು ಬೇಕಾದಷ್ಟು ಸಿಗುತ್ತಾರೆ. ಕುಂದಾಪುರ, ಕಲಬುರಗಿ, ಚಾಮರಾಜನಗರದ ಆಡುಮಾತು ಅಷ್ಟು ಸುಲಭಕ್ಕೆ ಸಿಗದು, ಹಾಗಾಗಿ ಅದಕ್ಕೆ ಹೆಚ್ಚು ದರ ಕೇಳಲು ಹಿಂಜರಿಯಬೇಡಿ. ಬೆಂಗಳೂರಿನ ‘ಕಾರ್ಯ’ (Karya) ಎಂಬ ಸಂಸ್ಥೆ 2023ರಲ್ಲಿ ಇಂಥ ಕೆಲಸಕ್ಕೆ ಗಂಟೆಗೆ ಸುಮಾರು 5 ಡಾಲರ್ ಕೊಡುತ್ತಿತ್ತು. ಅದೇ ದನಿ ಮುಂದೆ ಮತ್ತೆ ಮಾರಾಟವಾದರೆ ಮಾತಾಡಿದವರಿಗೂ ಪಾಲು ಇತ್ತು. ಬೇರೆಯವರ ಆಫರ್ ಬಂದಾಗ ಇವೆರಡನ್ನೂ ಪಕ್ಕದಲ್ಲಿಟ್ಟು ನೋಡಿ. ‘ಗಂಟೆಗೆ ಇಷ್ಟು’ ಎಂದರೆ ನೀವು ದುಡಿದ ಗಂಟೆಯೋ, ಪಾಸಾದ ಆಡಿಯೋದ ಗಂಟೆಯೋ ಎಂದು ಮೊದಲೇ ಕೇಳಿ. ಒಂದು ಗಂಟೆಯ ಒಪ್ಪಿತ ಆಡಿಯೋಗೆ ಎರಡು ಮೂರು ಗಂಟೆ ಕೆಲಸ ಹಿಡಿಯಬಹುದು.

ಕರಾರು ಪತ್ರವೇ ಇಲ್ಲಿ ಮುಖ್ಯ. ದನಿಯನ್ನು ಪೂರ್ತಿ ಬರೆದುಕೊಡಬೇಡಿ, ಬಳಸುವ ಪರವಾನಗಿ ಮಾತ್ರ ಕೊಡಿ. ‘ಶಾಶ್ವತ’, ‘ಹಿಂಪಡೆಯಲಾಗದ’, ‘ಬೇರೆಯವರಿಗೂ ವರ್ಗಾಯಿಸಬಹುದಾದ’ ಎಂಬ ಮೂರು ಪದ ಒಟ್ಟಿಗೆ ಬಂದರೆ, ಪರವಾನಗಿ ಎಂಬ ಹೆಸರಿನಲ್ಲಿ ನಡೆಯುತ್ತಿರುವುದು ಕ್ರಯವೇ. ಅವಧಿ, ದೇಶ, ಉದ್ದೇಶ ಮೂರನ್ನೂ ಬರೆಸಿ. ಕಾಪಿರೈಟ್ ಕಾಯ್ದೆಯ 19ನೇ ಕಲಮಿನಂತೆ ಅವಧಿ ನಮೂದಾಗದಿದ್ದರೆ 5 ವರ್ಷ, ಪ್ರದೇಶ ನಮೂದಾಗದಿದ್ದರೆ ಭಾರತ ಎಂದು ಲೆಕ್ಕ. ಕಂಪನಿಯವರು ಅವಧಿ ಬರೆದಿದ್ದರೆ ಈ ರಕ್ಷಣೆ ಸಿಗದು, ಆ ಸಾಲನ್ನು ನಿಧಾನವಾಗಿ ಓದಿ.

ಉದ್ದೇಶದ ಜಾಗದಲ್ಲಿ ‘ಮಾತು ಗುರುತಿಸುವ ಎಐ ಮಾದರಿಯ ತರಬೇತಿಗೆ ಮಾತ್ರ, ನನ್ನ ದನಿಯ ನಕಲು ಸೃಷ್ಟಿಸುವಂತಿಲ್ಲ’ ಎಂದು ಸೇರಿಸಿ. ಇದನ್ನು ಒಪ್ಪದವರಿಗೆ ದನಿ ಕೊಡಲೇಬೇಡಿ. ಗಂಟೆಗಟ್ಟಲೆ ಶುದ್ಧ ಆಡಿಯೋ ಕೈಯಲ್ಲಿದ್ದರೆ ನಿಮ್ಮ ದನಿಯಲ್ಲೇ ಮನೆಯವರಿಗೆ ಫೋನ್ ಮಾಡಿ ದುಡ್ಡು ಕೇಳುವುದು ವಂಚಕರಿಗೆ ಕಷ್ಟವಲ್ಲ.

ರೆಕಾರ್ಡಿಂಗ್‌ಗೆ ದುಬಾರಿ ಮೈಕ್ ಬೇಡ. ಫ್ಯಾನ್ ಆಫ್ ಮಾಡಿ, ಬಟ್ಟೆ, ಹಾಸಿಗೆ ಇರುವ ಕೋಣೆಯಲ್ಲಿ ಕೂತು, ಫೋನನ್ನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಹಿಡಿಯಿರಿ. ನೇರ ಹಿಡಿದರೆ ‘ಪ’, ‘ಫ’, ‘ಭ’ ಬಂದಾಗ ಉಸಿರು ಮೈಕಿಗೆ ಬಡಿದು ಧಡ್ ಎನ್ನುತ್ತದೆ. ಕಂಪನಿಯವರು ಬೇರೇನೂ ಹೇಳದಿದ್ದರೆ ರೆಕಾರ್ಡಿಂಗ್ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ 16 ಕಿಲೋಹರ್ಟ್ಸ್, 16 ಬಿಟ್, ಮೊನೊ (ಒಂದೇ ಚಾನೆಲ್), ವೇವ್ (.wav) ಫೈಲ್ ಆರಿಸಿದರೆ ಸಾಕು. ಗಂಟೆಗೆ ಸುಮಾರು 115 ಎಂಬಿ ಆಗುತ್ತದೆ. ವಾಟ್ಸಾಪ್ ವಾಯ್ಸ್ ನೋಟ್‌ನಲ್ಲಿ ದನಿಯ ಗುಣಮಟ್ಟ ಕುಗ್ಗಿ ಹೋಗುವುದರಿಂದ ಅದರಲ್ಲಿ ಕಳಿಸಬೇಡಿ.

ಹೆಚ್ಚು ಫೈಲ್ ವಾಪಸ್ ಬರುವುದು ಬರಹಕ್ಕೂ ಮಾತಿಗೂ ಹೊಂದದೆ. ಪರದೆಯ ಮೇಲೆ ‘ಮಾಡುತ್ತಿದ್ದೇನೆ’ ಎಂದಿದ್ದಾಗ ಧಾರವಾಡದವರ ಬಾಯಲ್ಲಿ ‘ಮಾಡಾಕತ್ತೀನಿ’ ಬಂದರೆ ಆ ವಾಕ್ಯ ತಿರಸ್ಕೃತ. ಓದುವ ಕೆಲಸವಾದರೆ ಇದ್ದಂತೆ ಓದಿ; ಆಡುಮಾತಿನ ಕೆಲಸವಾದರೆ ಆಡಿದಂತೆಯೇ ಟೈಪ್ ಮಾಡಿ, ತಿದ್ದಬೇಡಿ.

ಸ್ವಂತ ವಿಷಯ ಮಾತಾಡುವಾಗ ಹೆಸರು, ಊರಿನ ವಿಳಾಸ, ಫೋನ್ ನಂಬರ್, ಬ್ಯಾಂಕಿನ ವಿವರ ಬಾಯಿಗೆ ಬರದಂತೆ ನೋಡಿಕೊಳ್ಳಿ. ಹಿನ್ನೆಲೆಯಲ್ಲಿ ಅಮ್ಮನೋ ಮಗುವೋ ಮಾತಾಡಿದರೆ ಆ ಭಾಗ ಕತ್ತರಿಸಿ. ಅವರ ದನಿ ಮಾರುವ ಹಕ್ಕು ನಿಮಗಿಲ್ಲ. ವಯಸ್ಸನ್ನು ‘30–40’ ಎಂದೂ, ಊರನ್ನು ಜಿಲ್ಲೆಯ ಮಟ್ಟದಲ್ಲೂ ಕೊಟ್ಟರೆ ಸಾಕು. ಆಧಾರ್ ಪ್ರತಿ ಕೇಳಿದರೆ ಯಾತಕ್ಕೆಂದು ವಿಚಾರಿಸಿ.

ವೈಯಕ್ತಿಕ ಮಾಹಿತಿಯನ್ನು ಕಾಪಾಡುವ 2023ರ ಡಿಪಿಡಿಪಿ (ಡಿಜಿಟಲ್ ಪರ್ಸನಲ್ ಡೇಟಾ ಪ್ರೊಟೆಕ್ಷನ್) ಕಾಯ್ದೆಯಲ್ಲಿ ಒಪ್ಪಿಗೆ ಹಿಂಪಡೆಯುವ ಹಕ್ಕಿದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದಿವೆ, ಮುಖ್ಯ ಕಲಮುಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವಿದೆ. ಆದರೆ ಹಿಂಪಡೆಯುವ ಮುಂಚೆ ನಡೆದ ಬಳಕೆ ಕಾನೂನುಬಾಹಿರ ಆಗುವುದಿಲ್ಲ, ಕಲಿತ ಎಐ ಮಾದರಿಯಿಂದ ನಿಮ್ಮ ದನಿಯನ್ನಷ್ಟೇ ಹೆಕ್ಕಿ ತೆಗೆಯುವುದೂ ಬಹಳ ಕಷ್ಟ. ಆದ್ದರಿಂದ ಮೊದಲು ಒಂದು ಗಂಟೆಯಷ್ಟು ಮಾತ್ರ ಕೊಡಿ, ಹಣ ಖಾತೆಗೆ ಬಂದ ಮೇಲೆ ಮುಂದಿನ ಕಂತು. ಸಹಿಯಾದ ಕರಾರು, ಕಳಿಸಿದ ಫೈಲುಗಳ ಪಟ್ಟಿ, ಕಳಿಸಿದ ದಿನಾಂಕ ಮೂರನ್ನೂ ಒಂದೇ ಫೋಲ್ಡರ್‌ನಲ್ಲಿಡಿ. ಅಳಿಸಿ ಎಂದು ಕೇಳುವ ದಿನ ಯಾವ ಫೈಲ್ ಎಂದು ತೋರಿಸಲು ಆ ಪಟ್ಟಿ ಬೇಕಾಗುತ್ತದೆ.